ನೂರು ರೂಪಾಯಿ ಕೂಪನ್, ಆರು ತಿಂಗಳ ಸೆರೆ!

ಲಕ್ಕಿ ಡಿಪ್ ಮಾಡುವ ಸಂಘದವರೇ, ಚೀಟಿ ಹರಿಯುವ ಮುಂಚೆ ಇಷ್ಟು ಓದಿಕೊಳ್ಳಿ

ಗೌರಿ ಹಬ್ಬಕ್ಕೆ ಇನ್ನೂ ಒಂದು ತಿಂಗಳಿದೆ ಅನ್ನುವಾಗಲೇ ನಮ್ಮ ಪಶ್ಚಿಮ ಬಡಾವಣೆಗಳಲ್ಲಿ ರಸೀತಿ ಪುಸ್ತಕಗಳು ಓಡಾಡಲು ಶುರು. ರಾಜಾಜಿನಗರದ ಭಾಷ್ಯಂ ಸರ್ಕಲ್ಲಿನಿಂದ ಹಿಡಿದು ವಿಜಯನಗರ, ಮೂಡಲಪಾಳ್ಯ, ಅತ್ತ ಕೆಂಗೇರಿ ಉಪನಗರದವರೆಗೆ ಯಾವ ಅಡ್ಡರಸ್ತೆಗೆ ಹೋದರೂ ಒಂದು ಗೆಳೆಯರ ಬಳಗ, ಒಂದು ಯುವಕರ ಸಂಘ, ಒಂದು ಕನ್ನಡ ಸಂಘ. ಗಣೇಶ ಹೋದ ಮೇಲೆ ದಸರಾ, ದಸರಾ ಹೋದ ಮೇಲೆ ರಾಜ್ಯೋತ್ಸವ. ಎಲ್ಲಕ್ಕೂ ದುಡ್ಡು ಬೇಕು.

ಬರೀ ಚಂದಾ ಅಂದ್ರೆ ಜನ ಬಾಗಿಲು ಹಾಕ್ಕೋತಾರೆ. ಅದಕ್ಕೇ ಹುಡುಗರು ಕಂಡುಕೊಂಡ ಉಪಾಯ ಲಕ್ಕಿ ಡಿಪ್. ನೂರು ರೂಪಾಯಿಗೆ ಒಂದು ಕೂಪನ್. ಮೊದಲ ಬಹುಮಾನ ಸ್ಕೂಟರ್, ಎರಡನೇದು ವಾಷಿಂಗ್ ಮೆಷಿನ್, ಮೂರನೇದು ಮಿಕ್ಸಿ, ಸಮಾಧಾನಕರ ಬಹುಮಾನ ಹತ್ತು ಸ್ಟೀಲ್ ಡಬ್ಬಿ. ಕಡೆ ದಿನ ಆರ್ಕೆಸ್ಟ್ರಾ ಮಧ್ಯೆ ಪ್ಲಾಸ್ಟಿಕ್ ಡ್ರಮ್ಮಿಗೆ ಚೀಟಿ ತುಂಬಿ, ಪುಟ್ಟ ಮಗುವಿನ ಕೈಲಿ ಎತ್ತಿಸಿ, ಮೈಕಿನಲ್ಲಿ ನಂಬರ್ ಕೂಗುವುದು. ನೋಡಲಿಕ್ಕೆ ಎಷ್ಟು ಚೆಂದ!

ಆದರೆ ಸ್ವಾಮಿ, ಇದು ಕಾನೂನಿನ ಕಣ್ಣಲ್ಲಿ ಲಾಟರಿ. ಸರ್ಕಾರದ ಅನುಮತಿ ಇಲ್ಲದೆ ನಡೆಸಿದರೆ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಗಣಪತಿಗೆ ಅಂದರೂ ಅಷ್ಟೇ, ಕನ್ನಡಾಂಬೆಗೆ ಅಂದರೂ ಅಷ್ಟೇ, ಬಡವರ ಮಗುವಿನ ಆಪರೇಷನ್ನಿಗೆ ಅಂದರೂ ಅಷ್ಟೇ.

ಕಡೆಯ ಮಾತನ್ನು ಈ ವರದಿಗಾರ ಸುಮ್ಮನೆ ಬರೆಯುತ್ತಿಲ್ಲ. ಅನುಭವಿಸಿ ಬರೆಯುತ್ತಿದ್ದಾನೆ.

ನಮ್ಮ ಬೀದಿಯ ಕತೆ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಬೀದಿಯಲ್ಲಿ ಮಗ್ಗದ ಕೆಲಸ ಮಾಡುವ ಒಬ್ಬರ ಮಗ, ಹನ್ನೊಂದು ವರ್ಷದ ಹುಡುಗ. ಹೃದಯದಲ್ಲಿ ತೂತು ಇದೆ, ಆಪರೇಷನ್ ಆಗಬೇಕು ಅಂದರು ಡಾಕ್ಟರು. ಸರ್ಕಾರದ ಯೋಜನೆಯಿಂದ ಒಂದಷ್ಟು ಆಗುತ್ತೆ, ಮಿಕ್ಕದ್ದು ನೀವು ನೋಡ್ಕೊಳ್ಳಿ ಅಂದರು. ಬೀದಿಯ ಬಳಗ ಸೇರಿತು. ಆಟೋ ಓಡಿಸುವ ಒಬ್ಬರು ಖಜಾಂಚಿ. ಎಲ್ಲರಿಗೂ ಅವರು ‘ಅಣ್ಣ’. ಪಿ.ಯು.ಸಿ. ಅರ್ಧಕ್ಕೇ ಬಿಟ್ಟರೂ ನಾಲ್ಕಕ್ಷರ ಬರೆಯಬಲ್ಲವನು ಅಂತ ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

‘ನೂರು ರೂಪಾಯಿ ಕೊಟ್ಟು ಪುಣ್ಯ ಕಟ್ಟಿಕೊಳ್ಳಿ, ಸ್ಕೂಟರ್ ಗೆಲ್ಲಿ’ ಅಂತ ಬರೆದೆ. ಬಹಳ ಚೆನ್ನಾಗಿದೆ ಅಂತ ಎಲ್ಲರೂ ಹೊಗಳಿದರು. ಎರಡು ಸಾವಿರ ಕೂಪನ್ ಅಚ್ಚಾಯಿತು. ಮೂರು ವಾರದಲ್ಲಿ 1,140 ಮಾರಾಟವಾಗಿ ಒಂದು ಲಕ್ಷ ಹದಿನಾಲ್ಕು ಸಾವಿರ ರೂಪಾಯಿ ಕೈಗೆ ಬಂತು.

ಒಂದು ಸಂಜೆ ಠಾಣೆಯಿಂದ ಕರೆ. ಯಾರೋ ಅರ್ಜಿ ಕೊಟ್ಟಿದ್ದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಅಣ್ಣನೂ ನಾನೂ ಹೋದೆವು. ಮೇಜಿನ ಮೇಲೆ ನಮ್ಮದೇ ಕೂಪನ್ ಇತ್ತು, ಪಕ್ಕದಲ್ಲಿ ನನ್ನ ಕರಪತ್ರ.

“ಪರ್ಮಿಷನ್ ಎಲ್ರೀ?” ಅಂದರು ಇನ್ಸ್‌ಪೆಕ್ಟರ್.

“ಮೈಕಿಗೆ ತಗೊಂಡಿದೀವಿ ಸಾರ್” ಅಂದರು ಅಣ್ಣ.

“ಮೈಕಿಗಲ್ಲ, ಲಾಟರಿಗೆ.”

“ಲಾಟರಿ ಅಲ್ಲ ಸಾರ್, ಲಕ್ಕಿ ಡಿಪ್ಪು. ಮಗೂ ಆಪರೇಷನ್ನಿಗೆ.”

“ದುಡ್ಡು ಇಸ್ಕೊಂಡಿದೀರಾ? ಚೀಟಿ ಎತ್ತುತೀರಾ? ಬಹುಮಾನ ಕೊಡ್ತೀರಾ? ಮತ್ತೆ ಇನ್ನೇನ್ರೀ ಲಾಟರಿ ಅಂದ್ರೆ?” ಅಂದು, ನನ್ನ ಕಡೆ ತಿರುಗಿ, “ಇದನ್ನ ಬರೆದೋರು ಯಾರು?” ಅಂತ ಕೇಳಿದರು.

ಒಳ್ಳೆಯ ಮನುಷ್ಯ. ಕೇಸು ಹಾಕಲಿಲ್ಲ. ಡ್ರಾ ನಿಲ್ಲಿಸಿ, ದುಡ್ಡು ವಾಪಸು ಕೊಟ್ಟು, ಲೆಕ್ಕ ಬರೆದು ತಂದು ತೋರಿಸಿ ಅಂದರು. ಹೊರಗೆ ಬಂದಾಗ ಅಣ್ಣನ ಕೈ ನಡುಗುತ್ತಿತ್ತು. ಬಂದ ಹಣದಲ್ಲಿ ಆಗಲೇ ಆರು ಸಾವಿರ ಕೂಪನ್ನು, ಬ್ಯಾನರಿಗೆ ಹೋಗಿತ್ತು. ಅದನ್ನು ತುಂಬಲು ಮನೆಯಾಕೆಯ ಓಲೆ ಗಿರವಿಗೆ ಹೋಯಿತು. ಆಪರೇಷನ್ನಿನ ದಿನ ಮಾತ್ರ ನಮಗಾಗಿ ಕಾಯುತ್ತಿರಲಿಲ್ಲ.

ಕಡೆಗೆ ಏನಾಯಿತು ಅನ್ನುವುದನ್ನು ಕಡೆಯಲ್ಲೇ ಹೇಳುತ್ತೇನೆ. ಮೊದಲು ಕಾನೂನು.

1870ರ ಸೆಕ್ಷನ್ನು, 2024ರ ನಂಬರು

ಬ್ರಿಟಿಷರು 1870ರಲ್ಲಿ ಭಾರತ ದಂಡ ಸಂಹಿತೆಗೆ 294-ಎ ಅಂತ ಒಂದು ಸೆಕ್ಷನ್ ಸೇರಿಸಿದರು. ಸರ್ಕಾರದ್ದಲ್ಲದ, ಸರ್ಕಾರ ಅನುಮತಿ ಕೊಡದ ಲಾಟರಿ ಎತ್ತಲು ಕಚೇರಿ ಅಥವಾ ಜಾಗ ಇಟ್ಟುಕೊಂಡವನಿಗೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ. ಅಂಥ ಲಾಟರಿಯ ಬಹುಮಾನ ಕೊಡುತ್ತೇವೆಂದು ಪ್ರಕಟಿಸಿದವನಿಗೂ ಒಂದು ಸಾವಿರ ರೂಪಾಯಿವರೆಗೆ ದಂಡ.

ಮಜಾ ನೋಡಿ. ಇದೇ ಕುಂಪಣಿ ಕಾಲದಲ್ಲಿ ಕಲ್ಕತ್ತೆಯಲ್ಲಿ ಲಾಟರಿ ಎತ್ತಿಯೇ ಊರು ಕಟ್ಟಿದ್ದರು. 1817ರಲ್ಲಿ ಲಾಟರಿ ಕಮಿಟಿ ಅಂತಲೇ ಮಾಡಿ, ಟಿಕೆಟ್ ಮಾರಿ ಬಂದ ಹಣದಲ್ಲಿ ರಸ್ತೆ ಹಾಕಿಸಿದರು. ಸರ್ಕಾರ ಮಾಡಿದರೆ ಅಭಿವೃದ್ಧಿ, ಜನ ಮಾಡಿದರೆ ಅಪರಾಧ ಅನ್ನುವ ಪಾಠ ಅಲ್ಲಿಂದಲೇ ಬಂದದ್ದು!

ದೇಶದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. 294-ಎ ಹೋಗಿ 297 ಆಯಿತು. ಸೆರೆ ಅದೇ ಆರು ತಿಂಗಳವರೆಗೆ. ಪ್ರಕಟಿಸಿದವರ ದಂಡ ಮಾತ್ರ ಐದು ಸಾವಿರದವರೆಗೆ ಏರಿತು. ಕರಪತ್ರ ಬರೆದವನು, ಹಂಚಿದವನು, ಜಾಹೀರಾತು ಹಾಕಿದ ಪತ್ರಿಕೆ ಎಲ್ಲರೂ ಈ ಮಾತನ್ನು ನೆನಪಿನಲ್ಲಿಡಬೇಕು. ಕಚೇರಿ ಅಂದರೆ ಬೋರ್ಡು ಹಾಕಿದ ಕಚೇರಿಯೇ ಆಗಬೇಕಿಲ್ಲ. ‘ಜಾಗ’ ಅಂತಲೂ ಇದೆ. ನಿಮ್ಮ ಶಾಮಿಯಾನವೂ ಒಂದು ಜಾಗವೇ.

ಹೆಸರು ಬದಲಿಸಿದರೆ ತಪ್ಪಿಸಿಕೊಳ್ಳಬಹುದೇ? ಅದೃಷ್ಟ ಚೀಟಿ, ಬಂಪರ್ ಕೂಪನ್, ದೇಣಿಗೆ ಕಾರ್ಡು, ಭಾಗ್ಯಲಕ್ಷ್ಮಿ ಯೋಜನೆ ಅಂತ ಏನಾದರೂ ಕರೆಯಿರಿ, ನೋಡುವುದು ಮೂರೇ ಸಂಗತಿ. ಒಂದು, ಜನ ಹಣ ಕೊಟ್ಟರೇ? ಎರಡು, ಗೆಲ್ಲುವುದು ಅದೃಷ್ಟದಿಂದಲೇ? ಮೂರು, ಬಹುಮಾನ ಇದೆಯೇ? ಮೂರೂ ಒಟ್ಟಿಗಿದ್ದರೆ ಲಾಟರಿ. ಆರ್ಕೆಸ್ಟ್ರಾ ಟಿಕೆಟ್ಟಿನ ಹಿಂದೆ ನಂಬರ್ ಹಾಕಿ ‘ಇದು ಬರೀ ಪ್ರವೇಶ ಪತ್ರ’ ಅನ್ನುವ ಜಾಣರಿದ್ದಾರೆ. ಆ ನಂಬರಿನ ಆಸೆಗೇ ಜನ ಟಿಕೆಟ್ ಕೊಂಡರೆ ಜಾಣತನ ಉಳಿಯೋದು ಕಷ್ಟ.

ಬೆಂಗಳೂರಿನ ಪದಬಂಧ ದಿಲ್ಲಿಗೆ ಹೋದದ್ದು

ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿದ ಮೊಕದ್ದಮೆ ನಮ್ಮ ಬೆಂಗಳೂರಿನದು ಅಂತ ಎಷ್ಟು ಜನಕ್ಕೆ ಗೊತ್ತು? ಐವತ್ತರ ದಶಕದಲ್ಲಿ ಇಲ್ಲಿ ‘ಸ್ಪೋರ್ಟಿಂಗ್ ಸ್ಟಾರ್’ ಅಂತ ಒಂದು ಇಂಗ್ಲಿಷ್ ವಾರಪತ್ರಿಕೆ ಅಚ್ಚಾಗುತ್ತಿತ್ತು. ಅದರಲ್ಲಿ ಆರ್.ಎಂ.ಡಿ.ಸಿ. ಪದಬಂಧ. ಪ್ರವೇಶ ಶುಲ್ಕ ಕಟ್ಟಿ ಕೂಪನ್ ತುಂಬಿ ಕಳಿಸಬೇಕು. ನಡೆಸುತ್ತಿದ್ದವರು ಆರ್.ಎಂ.ಡಿ. ಚಮಾರ್‌ಬಾಗ್‌ವಾಲಾ. ಮೈಸೂರು ಸರ್ಕಾರದ 1951ರ ಲಾಟರಿ ಮತ್ತು ಬಹುಮಾನ ಸ್ಪರ್ಧೆಗಳ ನಿಯಂತ್ರಣ ಮತ್ತು ತೆರಿಗೆ ಕಾಯಿದೆಯ ಪ್ರಕಾರ ಲೈಸೆನ್ಸು ಪಡೆದು, ತೆರಿಗೆ ಕಟ್ಟಿಯೇ ನಡೆಸುತ್ತಿದ್ದರು.

ಪತ್ರಿಕೆ ಬೊಂಬಾಯಿ ರಾಜ್ಯದಲ್ಲೂ ಬಹಳ ಓಡುತ್ತಿತ್ತು. ಅಲ್ಲಿನ ಸರ್ಕಾರ, ನಮ್ಮ ಜನರ ದುಡ್ಡು ಬೆಂಗಳೂರಿಗೆ ಹೋಗ್ತಿದೆ, ನಮಗೂ ತೆರಿಗೆ ಕಟ್ಟಿ ಅಂತ 1952ರಲ್ಲಿ ತನ್ನ ಕಾನೂನು ತಿದ್ದಿತು. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ ತೀರ್ಪು ಕೊಟ್ಟಿತು. ಮೊದಲೇ ಇಟ್ಟ ಉತ್ತರಕ್ಕೆ ಹೊಂದಿದರೆ ಗೆಲುವು ಅನ್ನುವ ಸ್ಪರ್ಧೆ ಜೂಜೇ. ಜೂಜನ್ನು ವ್ಯಾಪಾರ ಅಂತ ಒಪ್ಪಲಾಗದು, ವ್ಯಾಪಾರ ಮಾಡುವ ಮೂಲಭೂತ ಹಕ್ಕು ಅದಕ್ಕೆ ಸಲ್ಲದು ಅಂತ. ಋಗ್ವೇದದ ಕಾಲದಿಂದ ಜೂಜನ್ನು ಹಿರಿಯರು ಬೈದದ್ದನ್ನೂ ತೀರ್ಪು ನೆನೆಯಿತು. ಆದರೆ ಜಾಣ್ಮೆಯೇ ಮುಖ್ಯವಾದ ಸ್ಪರ್ಧೆ ಜೂಜಲ್ಲ ಅಂತಲೂ ಅದೇ ದಿನ ಹೇಳಿತು. ಈ ಎರಡನೇ ಮಾತಿನಲ್ಲಿ ನಮ್ಮ ಸಂಘಗಳಿಗೆ ಒಂದು ದಾರಿ ಇದೆ. ಮುಂದೆ ನೋಡೋಣ.

ಸರ್ಕಾರದ ಲಾಟರಿಯೂ ಹೋಯಿತು

ನಲವತ್ತು ದಾಟಿದವರಿಗೆಲ್ಲ ನೆನಪಿದೆ. ಬಸ್ ಸ್ಟಾಂಡಿನಲ್ಲಿ ಮಡಿಚುವ ಮೇಜಿನ ಮೇಲೆ ಟಿಕೆಟ್ ಸಾಲಾಗಿ ಕಟ್ಟಿ ‘ನಾಳೇ ಡ್ರಾ, ನಾಳೇ ಡ್ರಾ’ ಅಂತ ಕೂಗುತ್ತಿದ್ದದ್ದು. ಕರ್ನಾಟಕ ರಾಜ್ಯ ಲಾಟರಿಯನ್ನು ಎಂ.ಎಸ್.ಐ.ಎಲ್. ಮಾರುತ್ತಿತ್ತು. ಆಮೇಲೆ ಒಂದಂಕಿ ಲಾಟರಿ ಬಂತು, ಆನ್‌ಲೈನ್ ಲಾಟರಿ ಬಂತು. ಕಾರ್ಖಾನೆ ಕೂಲಿಯವರ ಸಂಬಳದ ಕವರು ಮನೆ ಮುಟ್ಟದೇ ಹೋಯಿತು. ಎಷ್ಟು ಸಂಸಾರ ಹಾಳಾಯಿತೋ ಲೆಕ್ಕ ಇಟ್ಟವರಿಲ್ಲ. 2007ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಲಾಟರಿ ಮಾರಾಟವೇ ಬಂದ್ ಆಯಿತು.

ಕೇಂದ್ರದ್ದೊಂದು ಕಾನೂನಿದೆ, 1998ರ ಲಾಟರಿ ನಿಯಂತ್ರಣ ಕಾಯಿದೆ. ರಾಜ್ಯ ಸರ್ಕಾರಗಳು ನಡೆಸುವ ಲಾಟರಿಗಳಿಗೆ ಅದು ಕಟ್ಟುಪಾಡು. ಟಿಕೆಟ್ ಸರ್ಕಾರವೇ ಅಚ್ಚು ಹಾಕಿಸಬೇಕು, ಡ್ರಾ ಸರ್ಕಾರವೇ ನಡೆಸಬೇಕು, ಒಂದಂಕಿ ಇರಬಾರದು, ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಇರಬಾರದು ಅಂತೆಲ್ಲ. ಬೇರೆ ರಾಜ್ಯದ ಟಿಕೆಟ್ಟನ್ನು ತನ್ನಲ್ಲಿ ಮಾರದಂತೆ ತಡೆಯುವ ಅಧಿಕಾರವನ್ನೂ ರಾಜ್ಯಗಳಿಗೆ ಕೊಟ್ಟಿದೆ. ಸುಪ್ರೀಂ ಕೋರ್ಟು 1999ರಲ್ಲಿ ಈ ಕಾಯಿದೆಯನ್ನು ಎತ್ತಿ ಹಿಡಿಯುವಾಗ, ಸರ್ಕಾರ ನಡೆಸಿದರೂ ಲಾಟರಿ ಜೂಜೇ ಅಂದಿತು.

ಕೇರಳದಲ್ಲಿ 1967ರಲ್ಲಿ ಶುರುವಾದ ಸರ್ಕಾರಿ ಲಾಟರಿ ಇಂದಿಗೂ ಜೋರಾಗಿ ನಡೀತಿದೆ. ಕಾಸರಗೋಡಿನ ನಮ್ಮ ಕನ್ನಡಿಗರು ಅಲ್ಲಿ ಟಿಕೆಟ್ ಕೊಂಡರೆ ತಪ್ಪಿಲ್ಲ. ಅದೇ ಟಿಕೆಟ್ ಕಟ್ಟನ್ನು ಬಸ್ಸಿಗೆ ಹಾಕಿ ಮಾಗಡಿ ರೋಡಿಗೆ ತಂದು ಮಾರಿದರೆ ಅಪರಾಧ. ಈ ಕಾಯಿದೆ ಮೀರಿದ ಲಾಟರಿಯ ಟಿಕೆಟ್ ಮಾರಿದವನಿಗಷ್ಟೇ ಅಲ್ಲ, ಕೊಂಡವನಿಗೂ ಎರಡು ವರ್ಷದವರೆಗೆ ಕಠಿಣ ಸೆರೆ ವಿಧಿಸಬಹುದು.

ಇನ್ನು ನಮ್ಮ ಬೀದಿಯ ಲಕ್ಕಿ ಡಿಪ್ಪಿನಂಥ ಖಾಸಗಿ ಲಾಟರಿ ರಾಜ್ಯ ಸರ್ಕಾರದ ಕೈಲಿರುವ ವಿಷಯ. ಅನುಮತಿ ಅಂದರೆ ಸರ್ಕಾರದ ಲಿಖಿತ ಆದೇಶ. ಕಾರ್ಪೊರೇಟರು ತಲೆ ಆಡಿಸಿದ್ದು ಅನುಮತಿಯಲ್ಲ. ಬೀಟ್ ಪೊಲೀಸು ‘ಮಾಡ್ಕೊಳ್ಳಿ’ ಅಂದದ್ದು ಅನುಮತಿಯಲ್ಲ. ಮೈಕಿನ ಪರವಾನಗಿ, ಪೆಂಡಾಲಿನ ಪರವಾನಗಿ ಯಾವುದೂ ಲಾಟರಿ ಪರವಾನಗಿಯಲ್ಲ. ತನ್ನ ಲಾಟರಿಯನ್ನೇ ಮುಚ್ಚಿದ ಸರ್ಕಾರ ನಿಮ್ಮ ಬೀದಿ ಲಾಟರಿಗೆ ಸಹಿ ಹಾಕುತ್ತೆ ಅಂತ ಕಾಯುವುದು ಈ ವರದಿಗಾರನ ಪ್ರಕಾರ ದಂಡ.

ತಿಂಗಳ ಕಂತಿನ ಬಲೆ

ಲಕ್ಕಿ ಡಿಪ್ಪಿಗಿಂತ ಅಪಾಯದ್ದು ಇನ್ನೊಂದಿದೆ. ‘ತಿಂಗಳಿಗೆ ಐನೂರು ಕಟ್ಟಿ, ಪ್ರತಿ ತಿಂಗಳೂ ಡ್ರಾ, ಗೆದ್ದವರು ಮುಂದೆ ಕಟ್ಟಬೇಕಿಲ್ಲ, ಗೆಲ್ಲದವರಿಗೆ ಕಡೆಗೆ ಪಾತ್ರೆ ಸಾಮಾನು.’ ಕೇಳಿದೀರಲ್ಲ? ಇದನ್ನು ಇಡೀ ದೇಶಕ್ಕೇ ನಿಷೇಧಿಸಿ 1978ರಲ್ಲೇ ಕಾಯಿದೆ ಬಂದಿದೆ. ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯಿದೆ ಅಂತ ಅದರ ಹೆಸರು. ನಡೆಸಿದವರಿಗೆ ಮೂರು ವರ್ಷದವರೆಗೆ ಸೆರೆ, ಐದು ಸಾವಿರದವರೆಗೆ ದಂಡ, ಅಥವಾ ಎರಡೂ.

ಧರ್ಮಕಾರ್ಯಕ್ಕೆ, ವಿದ್ಯಾಸಂಸ್ಥೆಗೆ ವಿನಾಯಿತಿ ಇಲ್ಲವೇ ಅಂದರೆ, ಇದೆ. ಆದರೆ ರಾಜ್ಯ ಸರ್ಕಾರ ರಿಸರ್ವ್ ಬ್ಯಾಂಕಿನ ಜತೆ ಸಮಾಲೋಚಿಸಿ ಅಧಿಸೂಚನೆ ಹೊರಡಿಸಿದ ಸಂಸ್ಥೆಗೆ ಮಾತ್ರ. ನಿಮ್ಮ ಗೆಳೆಯರ ಬಳಗದ ಹೆಸರು ಆ ಪಟ್ಟಿಯಲ್ಲಿ ಇರುತ್ತದೆಯೇ? ನೀವೇ ಹೇಳಿ.

ನಾಲ್ಕು ಜನ ಸೇರಿ ಹಾಕುವ ಚೀಟಿ ಇದಲ್ಲ. ಅದು ಬೇರೆ, ಅದರ ಕಾನೂನು ಬೇರೆ: 1982ರ ಚಿಟ್ ಫಂಡ್ ಕಾಯಿದೆ, ಅದಕ್ಕೆ ರಿಜಿಸ್ಟ್ರಾರು. ಎರಡನ್ನೂ ಕಲಸಿಕೊಳ್ಳಬೇಡಿ. ಬಟ್ಟೆ ಅಂಗಡಿಯವರ ‘ಸಾವಿರಕ್ಕೆ ಒಂದು ಕೂಪನ್’ ವಿಷಯವೂ ಬೇರೆ. ಮಾಲು ಮಾರಲು ಲಾಟರಿ, ಅದೃಷ್ಟದ ಆಟ ನಡೆಸುವುದನ್ನು 2019ರ ಗ್ರಾಹಕ ರಕ್ಷಣಾ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ.

ಗೆದ್ದವನ ಗತಿ

ಇಷ್ಟೆಲ್ಲ ದಾಟಿ ಡ್ರಾ ಆಯಿತು ಅನ್ನಿ. ಕಾರ್ಯದರ್ಶಿ ಸ್ಕೂಟರ್ ಕೊಡದೆ ಕೈ ಎತ್ತಿದರೆ ಗೆದ್ದವನು ಕೋರ್ಟಿಗೆ ಹೋಗಬಹುದೇ? 1872ರ ಕರಾರು ಕಾಯಿದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಒಪ್ಪಂದ ಅನೂರ್ಜಿತ, ಗೆದ್ದದ್ದನ್ನು ಕೊಡಿಸಿ ಅಂತ ದಾವೆ ಹೂಡುವ ಹಾಗಿಲ್ಲ. ಆ ಸೆಕ್ಷನ್ನಿನಲ್ಲಿ 500 ರೂಪಾಯಿ ಮೇಲ್ಪಟ್ಟ ಕುದುರೆ ಪಂದ್ಯದ ಬಹುಮಾನಕ್ಕೆ ವಿನಾಯಿತಿ ಇದೆ. ಕುದುರೆಗೆ ಇರುವ ಮರ್ಯಾದೆ ಗಣಪತಿಯ ಇಲಿಗೆ ಇಲ್ಲ!

ತೆರಿಗೆ ಇನ್ನೊಂದು. ಚೀಟಿ ಎತ್ತಿ ಕೊಡುವ ಬಹುಮಾನ ಹತ್ತು ಸಾವಿರ ಮೀರಿದರೆ ಶೇ. 30 ಆದಾಯ ತೆರಿಗೆಯನ್ನು ಕೊಡುವವರೇ ಹಿಡಿದು ಕಟ್ಟಬೇಕು. ಬಹುಮಾನ ವಸ್ತುವಾದರೆ, ತೆರಿಗೆ ಕಟ್ಟಿಸಿಕೊಂಡ ಮೇಲೇ ವಸ್ತು ಕೊಡಬೇಕು. ಎಂಬತ್ತು ಸಾವಿರದ ಸ್ಕೂಟರಾದರೆ ಇಪ್ಪತ್ತನಾಲ್ಕು ಸಾವಿರ ತೆರಿಗೆ. ನೂರು ರೂಪಾಯಿ ಕೂಪನ್ ಕೊಂಡ ಹೂವಿನಮ್ಮ ಅದನ್ನು ಎಲ್ಲಿಂದ ತರಬೇಕು?

ಹಾಗಾದರೆ ದಾರಿ ಯಾವುದು?

ಮೂರು ಸಂಗತಿ ಸೇರಿದರೆ ಲಾಟರಿ ಅಂದೆವಲ್ಲ, ಅದರಲ್ಲಿ ಒಂದನ್ನು ನಿಜವಾಗಿ ತೆಗೆದುಬಿಡಿ.

ಹಣ ತೆಗೆಯಿರಿ. ಬಂದವರಿಗೆಲ್ಲ ಪುಕ್ಕಟೆ ಚೀಟಿ ಕೊಟ್ಟು, ದಾನಿಯೊಬ್ಬರು ಕೊಟ್ಟ ಮಿಕ್ಸಿಯನ್ನು ಡ್ರಾ ಮಾಡಿ. ಯಾರೂ ಟಿಕೆಟ್ ಕೊಂಡಿಲ್ಲವಾದ್ದರಿಂದ ಲಾಟರಿಯಲ್ಲ. ಚಂದಾ ಕೊಟ್ಟವರಿಗೆ ಮಾತ್ರ ಚೀಟಿ ಅಂದಿರೋ, ಮತ್ತೆ ಬಲೆಗೆ ಬಿದ್ದಿರಿ. ಪುಕ್ಕಟೆ ಡ್ರಾ ಆದರೂ ಹತ್ತು ಸಾವಿರ ಮೀರಿದ ಬಹುಮಾನಕ್ಕೆ ತೆರಿಗೆ ತಪ್ಪದು.

ಅದೃಷ್ಟ ತೆಗೆಯಿರಿ. ರಂಗೋಲಿ, ಪ್ರಬಂಧ, ಕೇರಂ, ಭಾವಗೀತೆ ಸ್ಪರ್ಧೆ ಇಡಿ. ಗೆಲ್ಲುವುದು ಕೈಚಳಕದಿಂದ, ಡ್ರಮ್ಮಿನಿಂದಲ್ಲ. 1957ರ ತೀರ್ಪು ಬಿಟ್ಟ ದಾರಿ ಇದೇ. ಪದಬಂಧ, ಅಂಕಿಬಂಧದ ಸ್ಪರ್ಧೆಗೆ ಇಳಿಯುವವರು ಮಾತ್ರ 1955ರ ಬಹುಮಾನ ಸ್ಪರ್ಧೆಗಳ ಕಾಯಿದೆ ನೋಡಿಕೊಳ್ಳಿ. ಜೂಜಿನ ಸ್ವರೂಪದ್ದಾದರೆ ತಿಂಗಳಿಗೆ ಸಾವಿರ ರೂಪಾಯಿ ಬಹುಮಾನ, ಎರಡು ಸಾವಿರ ಪ್ರವೇಶ ಪತ್ರ ಮೀರಬಾರದು, ಲೈಸೆನ್ಸೂ ಬೇಕು.

ಬಹುಮಾನ ತೆಗೆಯಿರಿ. ಇದು ಎಲ್ಲಕ್ಕಿಂತ ಸುಲಭ. ನೇರವಾಗಿ ಕೇಳಿ. ನಂಬರ್ ಇರುವ ರಸೀತಿ ಪುಸ್ತಕ ಮಾಡಿಸಿ, ಹೆಸರು, ವಿಳಾಸ, ಮೊತ್ತ ಬರೆಯಿರಿ. ಅರ್ಧ ರಸೀತಿ ನಿಮ್ಮಲ್ಲಿರಲಿ. ಹಣ ಒಬ್ಬರ ಜೇಬಿನಲ್ಲಿಡದೆ ಬ್ಯಾಂಕಿನಲ್ಲಿಡಿ, ತೆಗೆಯಲು ಇಬ್ಬರ ಸಹಿ ಇರಲಿ. ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಲ್ಲಿ ನೋಂದಾಯಿಸಿ, ವರ್ಷ ವರ್ಷ ಲೆಕ್ಕ ಒಪ್ಪಿಸಿ. ಕೆಲಸ ಮುಗಿದ ಮೇಲೆ ಜಮಾಖರ್ಚು ಬರೆದು ಪೆಂಡಾಲಿನ ಕಂಬಕ್ಕೇ ಅಂಟಿಸಿ. ಮುಂದಿನ ವರ್ಷ ಬಾಗಿಲು ತಾನಾಗೇ ತೆರೆಯುತ್ತೆ.

ಇಲ್ಲಿ ಸರ್ಕಾರಕ್ಕೂ ಒಂದು ಮಾತು. ಬ್ರಿಟನ್ನಿನಲ್ಲಿ 2005ರ ಕಾಯಿದೆ ಪ್ರಕಾರ ಸಣ್ಣ ಸಂಘಗಳು ಊರಿನ ಕೌನ್ಸಿಲ್ಲಿನಲ್ಲಿ ನೋಂದಾಯಿಸಿಕೊಂಡು ಸತ್ಕಾರ್ಯಕ್ಕೆ ಲಾಟರಿ ಎತ್ತಬಹುದು. ಒಂದು ಡ್ರಾಕ್ಕೆ 20 ಸಾವಿರ ಪೌಂಡಿನ ಮಿತಿ, ಬಂದ ಹಣದಲ್ಲಿ ನೂರಕ್ಕೆ 20 ಆದರೂ ಆ ಕಾರ್ಯಕ್ಕೇ ಹೋಗಬೇಕು, ಲೆಕ್ಕ ಒಪ್ಪಿಸಬೇಕು. ಅಲ್ಲಿ ದೀಪಾವಳಿ ಮಾಡುವ ಕನ್ನಡಿಗರೂ ಈ ದಾರಿ ಹಿಡಿಯಬಹುದು. ನಮ್ಮಲ್ಲಿ ಬೀದಿ ಹುಡುಗನಿಗೂ ದಂಧೆಕೋರನಿಗೂ ಒಂದೇ ಸೆಕ್ಷನ್. ಮಿತಿ ಹಾಕಿ ಬಿಡಲಿ, ಇಲ್ಲವೇ ಠಾಣೆಯ ಬೋರ್ಡಿನ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಲಿ. ಎರಡೂ ಮಾಡದೆ ಕಡೆ ದಿನ ಬಂದು ಡ್ರಮ್ ಎತ್ತಿಕೊಂಡು ಹೋದರೆ ಯಾರಿಗೆ ಉಪಕಾರ?

ಕಡೆಗೆ ಏನಾಯಿತು

ಅಣ್ಣನೂ ನಾನೂ ಕೂಪನ್ನಿನ ಅರ್ಧ ಚೀಟಿ ಹಿಡಿದು ಮನೆಮನೆ ತಿರುಗಿದೆವು. ಹಾವನೂರು ಸರ್ಕಲ್ಲಿನ ತನಕ, ಅಟ್ಟಿಗುಪ್ಪೆಯ ತನಕ. ತಪ್ಪಾಯಿತು, ಡ್ರಾ ಇಲ್ಲ, ತಗೊಳ್ಳಿ ನಿಮ್ಮ ನೂರು ರೂಪಾಯಿ ಅಂದೆವು. ಮುನ್ನೂರರಷ್ಟು ಜನ ಇಸಕೊಂಡರು. ಅವರನ್ನು ದೂರುವಂತಿಲ್ಲ, ಅದು ಅವರ ದುಡ್ಡು. ಕೆಲವರ ವಿಳಾಸವೇ ಸಿಗಲಿಲ್ಲ. ಆ ಹಣ ಬ್ಯಾಂಕಿನಲ್ಲಿ ಹಾಗೇ ಇದೆ, ಯಾರೂ ಮುಟ್ಟಿಲ್ಲ.

ಮಿಕ್ಕವರೆಲ್ಲ ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು. ಸೊಪ್ಪು ಮಾರುವ ಅಜ್ಜಿಯೊಬ್ಬರು ಹೇಳಿದ ರೀತಿ ಮಾತ್ರ ಮರೆಯಲಾರೆ. “ಸ್ಕೂಟ್ರು ತಗೊಂಡು ನಾನೇನು ಮಾಡ್ಲಪ್ಪಾ? ಮಗೂಗೆ ಅಂತ ತಾನೆ ಕೊಟ್ಟಿದ್ದು? ಮಗೂಗೇ ಕೊಡಿ, ಹೋಗಿ.”

ಹೊಸ ರಸೀತಿ ಬರೆದೆವು. ದೇಣಿಗೆ ಅಂತ. ಆಪರೇಷನ್ ಆಯಿತು. ಹುಡುಗ ಈಗ ಬೆಳಿಗ್ಗೆ ಪೇಪರ್ ಹಾಕಿ ಕಾಲೇಜಿಗೆ ಹೋಗುತ್ತಾನೆ. ಅಣ್ಣ ಓಲೆ ಬಿಡಿಸಿಕೊಳ್ಳಲು ಎಂಟು ತಿಂಗಳು ಹಿಡಿಯಿತು. ನನ್ನ ಕರಪತ್ರದ ಒಂದು ಪ್ರತಿ ನನ್ನ ಪೆಟ್ಟಿಗೆಯಲ್ಲಿದೆ. ಯಾರಾದರೂ ಲಕ್ಕಿ ಡಿಪ್ಪಿಗೆ ಬರೆದುಕೊಡಿ ಅಂತ ಬಂದರೆ ಅದನ್ನು ತೆಗೆದು ತೋರಿಸುತ್ತೇನೆ.